ಮೇಲುಕೋಟೆಗೆ ಹೊರಟವರು ಬಂಕ್ ಮುಂದೆ ನಿಂತದ್ದು

ಸೋಮವಾರ, ಜನವರಿ 1, 2024

ಹೊಸ ವರ್ಷದ ಮೊದಲ ದಿನ ಮೈಸೂರಿನವರಿಗೆ ಮೈಸೂರಲ್ಲಿ ಜಾಗ ಇರುವುದಿಲ್ಲ. ಚಾಮುಂಡಿ ಬೆಟ್ಟದ ರಸ್ತೆಯಲ್ಲಿ ಗಾಡಿಗಳು ಅಲುಗಾಡುವುದಿಲ್ಲ. ವಿಜಯನಗರದ ಯೋಗಾನರಸಿಂಹಸ್ವಾಮಿ ದೇವಸ್ಥಾನದಲ್ಲಿ ಲಡ್ಡು ಹಂಚುತ್ತಾರೆ, ಅಲ್ಲಿ ಬೆಳಗಿನ ಜಾವದಿಂದಲೇ ಸಾಲು. ಅರಮನೆ, ಮೃಗಾಲಯದ ಕಡೆ ತಲೆ ಹಾಕುವಂತಿಲ್ಲ. ಹಾಗಾಗಿ ಆ ದಿನ ಊರು ಬಿಟ್ಟು ಹೋಗುವುದು ನಮ್ಮ ಮನೆಯ ರೂಢಿ. ಈ ಸಲ ಮೊದಲು ಮೇಲುಕೋಟೆ, ಆಮೇಲೆ ಮಂಡ್ಯದಲ್ಲಿರುವ ಚಿಕ್ಕಮ್ಮನ ಮನೆ, ಬರುವಾಗ ಶಿವನಸಮುದ್ರ ನೋಡಿಕೊಂಡು ಮಳವಳ್ಳಿ, ಬನ್ನೂರು ಮೇಲೆ ವಾಪಸ್ ಅಂತ ಮಾತಾಯಿತು.

ನಾನು ಮತ್ತು ಭಾಮೈದ ಅವನ ಬೈಕಿನಲ್ಲಿ. ಹೆಂಡತಿ ಮತ್ತು ಅತ್ತೆ ಬಸ್ಸಿನಲ್ಲಿ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಅತ್ತೆ ಆಧಾರ್ ಕಾರ್ಡನ್ನು ಕುಂಕುಮದ ಡಬ್ಬಿಯ ಜೊತೆಗೇ ಇಟ್ಟುಕೊಳ್ಳುತ್ತಾರೆ. ಕಾರು ಮಾಡಿಸೋಣ ಅಂದರೆ ಬೇಡ ಅಂದರು. "ದುಡ್ಡು ಕೊಟ್ಟು ಯಾಕೆ ಹೋಗ್ತೀರಾ ಅಳಿಯಂದ್ರೆ, ಸರ್ಕಾರದ ಬಸ್ಸಿದೆಯಲ್ಲ."

ಬೆಂಗಳೂರು ಹೆದ್ದಾರಿಯ ಮುಖ್ಯ ರಸ್ತೆಗೆ ಬೈಕ್ ಬಿಡುವುದಿಲ್ಲ. 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರ್‌ಗಳಿಗೆಲ್ಲ ಸರ್ವೀಸ್ ರಸ್ತೆಯೇ ಗತಿ. ಒಂದು ಲೆಕ್ಕದಲ್ಲಿ ಒಳ್ಳೆಯದೇ. ಮೇಲೆ ಕಾರುಗಳು ಭರ್ರೆಂದು ಹೋಗುತ್ತವೆ, ಕೆಳಗೆ ಟೀ ಅಂಗಡಿ, ಎಳನೀರು, ಪಂಕ್ಚರ್ ಅಂಗಡಿ, ಪೆಟ್ರೋಲ್ ಬಂಕ್ ಎಲ್ಲವೂ ಸಿಗುತ್ತವೆ. ಶ್ರೀರಂಗಪಟ್ಟಣದಲ್ಲಿ ಗಂಜಾಂನ ನಿಮಿಷಾಂಬ ದೇವಸ್ಥಾನದ ಕಡೆ ತಿರುಗುವ ಗಾಡಿಗಳೇ ಜಾಸ್ತಿ. ಅದನ್ನು ದಾಟಿ ಪಾಂಡವಪುರದ ದಾರಿ ಹಿಡಿದ ಮೇಲೆ ಉಸಿರು ಬಂತು.

ಅದು ಮಳೆ ಕೈಕೊಟ್ಟ ವರ್ಷ. ಗದ್ದೆ ಬಯಲಲ್ಲಿ ಹಸಿರು ಕಡಿಮೆ. ಆದರೂ ಕಬ್ಬು ಹೊತ್ತ ಟ್ರ್ಯಾಕ್ಟರ್‌ಗಳು ರಸ್ತೆ ತುಂಬ ಓಡಾಡುತ್ತಿದ್ದವು. ಒಂದರ ಹಿಂದೆ ಸಿಕ್ಕಿಕೊಂಡರೆ ಮುಗಿಯಿತು. ಕಬ್ಬಿನ ಗರಿ ಮುಖಕ್ಕೆ ತಾಗುವಷ್ಟು ಹತ್ತಿರ ಹೋಗಿ, ಎದುರಿಗೆ ಬಸ್ಸು ಕಂಡು, ಮತ್ತೆ ಹಿಂದೆ ಸರಿಯುವುದೇ ಕೆಲಸ.

ನಾವು ಮೇಲುಕೋಟೆ ತಲುಪುವ ಹೊತ್ತಿಗೆ ಅತ್ತೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂತು ಪುಳಿಯೋಗರೆ ಮುಗಿಸಿದ್ದರು. ನಮ್ಮ ಪಾಲಿನದು ಎಲೆಯಲ್ಲಿ ಕಟ್ಟಿಟ್ಟಿತ್ತು, ಪುಣ್ಯ. ಚೆಲುವನಾರಾಯಣನ ದರ್ಶನವಾಯಿತು. ರಾಯಗೋಪುರದ ಹತ್ತಿರ ಫೋಟೊ ತೆಗೆದದ್ದಾಯಿತು. ಅದನ್ನೆಲ್ಲ ಬರೆಯುವುದಿಲ್ಲ, ಎಲ್ಲರೂ ಬರೆದಿದ್ದಾರೆ.

ರಾತ್ರಿ ತಂಗಿದ್ದ ಛತ್ರದಲ್ಲಿ ಭಾಮೈದ ಫೋನ್ ಹಿಡಿದು ಕೂತ. ಮಹಾರಾಷ್ಟ್ರದ ಬಂಕ್‌ಗಳ ವಿಡಿಯೊ ಒಂದರ ಮೇಲೊಂದು ಬರುತ್ತಿದ್ದವು. ಲಾರಿ, ಟ್ಯಾಂಕರ್ ಡ್ರೈವರ್‌ಗಳ ಮುಷ್ಕರ. ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ್ದ ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ಮೇಲೆ ಸಿಟ್ಟು. ಅಡ್ಡಾದಿಡ್ಡಿ ಗಾಡಿ ಓಡಿಸಿ ಯಾರಾದರೂ ಸತ್ತು, ಡ್ರೈವರ್ ಪೊಲೀಸರಿಗೋ ಮ್ಯಾಜಿಸ್ಟ್ರೇಟರಿಗೋ ತಿಳಿಸದೆ ಪರಾರಿಯಾದರೆ 10 ವರ್ಷದವರೆಗೆ ಜೈಲು. ಹಳೆಯ ಐಪಿಸಿಯ 304ಎ ಕಲಮಿನಲ್ಲಿ ಹೆಚ್ಚೆಂದರೆ 2 ವರ್ಷ ಇತ್ತು.

"ಅದರ ಜೊತೆ ಏಳು ಲಕ್ಷ ದಂಡವಂತೆ ಭಾವ," ಅಂದ.

ಆ ಏಳು ಲಕ್ಷ ಎಲ್ಲ ಮೆಸೇಜಿನಲ್ಲೂ ಇತ್ತು. ಕಾನೂನಿನ ಪಠ್ಯ ತೆಗೆದು ಓದಿದೆ. ದಂಡ ಅಂತ ಇದೆ, ಮೊತ್ತ ಇಲ್ಲ. ಅದನ್ನು ತೋರಿಸಿದೆ. ಅವನು ತಲೆಯಾಡಿಸಿ ಮತ್ತೆ ವಿಡಿಯೊ ನೋಡಲು ಶುರು ಮಾಡಿದ. ಸಾಲು ನಿಂತ ಬೈಕ್‌ಗಳ ವಿಡಿಯೊ ಮುಂದೆ ಕಾನೂನಿನ ಪುಸ್ತಕ ಯಾರು ನೋಡುತ್ತಾರೆ, ಅಲ್ವಾ.

ಮಂಗಳವಾರ

ಬೆಳಿಗ್ಗೆ ಯೋಗಾನರಸಿಂಹನ ಬೆಟ್ಟ ಹತ್ತುವ ಯೋಜನೆ ಇತ್ತು. ಹತ್ತಿದ್ದು ಹೆಂಗಸರು ಮತ್ತು ನಾನು. ಭಾಮೈದ ಕೆಳಗೇ ಉಳಿದ. ಇಳಿದು ಬರುವಾಗ ಬೈಕ್ ತಿರುಗಿಸಿಕೊಂಡು ಹೆಲ್ಮೆಟ್ ಹಾಕಿಕೊಂಡೇ ನಿಂತಿದ್ದ. "ಮೊದಲು ಪೆಟ್ರೋಲ್ ಹಾಕಿಸಿಬಿಡೋಣ ಭಾವ, ಆಮೇಲೆ ತಿಂಡಿ."

ಟ್ಯಾಂಕ್ ಅರ್ಧಕ್ಕೂ ಸ್ವಲ್ಪ ಮೇಲಿತ್ತು. ಲೀಟರಿಗೆ ಐವತ್ತು ಕೊಡುವ ಗಾಡಿ. ಮಂಡ್ಯ, ಶಿವನಸಮುದ್ರ ಸುತ್ತಿ ಮೈಸೂರು ಸೇರಿದರೂ ಮಿಗುತ್ತದೆ. ಅದನ್ನು ಹೇಳಿ ನೋಡಿದೆ. "ಮೈಸೂರಿಗೆ ಹೋದ ಮೇಲೆ?" ಅಂದ. ಗಾಡಿ ಅವನದು, ನಾನು ಹಿಂದೆ ಕೂರುವವನು.

ಜಕ್ಕನಹಳ್ಳಿ ದಾಟಿದ ಮೇಲೆ ಸಿಕ್ಕಿದ ಮೊದಲ ಬಂಕ್ ಮುಂದೆ ಸಾಲು ರಸ್ತೆಗೆ ಬಂದಿತ್ತು. ಊರ ಹೊರಗಿನ ಸಣ್ಣ ಬಂಕ್ ಅದು. ಪೆಟ್ರೋಲಿಗೆ ಒಂದು ಮೆಷಿನ್, ಡೀಸೆಲ್‌ಗೆ ಒಂದು. ದಿನಾ ಅಲ್ಲಿ ಬೈಕ್ ನಿಲ್ಲಿಸಿದರೆ ಹುಡುಗ ಎಲ್ಲಿಂದಲೋ ಎದ್ದು ಬರಬೇಕು. ಅವತ್ತು ಆ ಹುಡುಗನಿಗೆ ತಲೆ ಎತ್ತಲು ಪುರುಸೊತ್ತಿರಲಿಲ್ಲ. "ಝೀರೋ ನೋಡಿ, ಝೀರೋ ನೋಡಿ" ಅನ್ನುವುದು ಮಾತ್ರ ಕೇಳಿಸುತ್ತಿತ್ತು.

ನಾನು ಇಳಿದು ಸಾಲಿನ ಪಕ್ಕ ನಡೆದೆ. ಮಾತು ಕೇಳಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಒಬ್ಬರು ಮೂರು ದಿನ ಬಂದ್ ಅಂದರು, ಇನ್ನೊಬ್ಬರು ಹದಿನೈದು ದಿನ. ಮಂಡ್ಯದಲ್ಲಿ ಆಗಲೇ ಖಾಲಿಯಂತೆ ಅಂತ ಒಬ್ಬ ಹೇಳಿದ. ಮಂಡ್ಯದಿಂದ ಬಂದವನೊಬ್ಬ ಅಲ್ಲೇ ನಿಂತಿದ್ದ. ಅವನಿಗೆ ಯಾರೋ ಮೇಲುಕೋಟೆಯಲ್ಲಿ ಖಾಲಿ ಅಂದಿದ್ದರಂತೆ. ಮೇಲುಕೋಟೆಯಿಂದ ಬಂದ ನನ್ನನ್ನು ಯಾರೂ ಕೇಳಲಿಲ್ಲ.

ಕಾರಿನವರೊಬ್ಬರು ಹೆಂಡತಿಯ ಸ್ಕೂಟರನ್ನೂ ತರಿಸಿದ್ದರು, ಮಗನ ಬೈಕನ್ನೂ ತರಿಸಿದ್ದರು. ಮನೆಮಂದಿ ಎಲ್ಲ ಸಾಲಿನಲ್ಲಿ. ಟಿಲ್ಲರ್‌ಗೆ ಡೀಸೆಲ್ ಬೇಕು ಅಂತ ಒಬ್ಬ ರೈತರು ಹಳೆಯ ತಗಡಿನ ಡಬ್ಬ ಹಿಡಿದಿದ್ದರು. ಅವರ ಹಿಂದೆ ಒಬ್ಬ ಹುಡುಗ ನೀರಿನ ಬಾಟಲಿ ತಂದಿದ್ದ, ಎರಡು ಲೀಟರಿನದು. "ಬಾಟಲಿಗೆ ಪೆಟ್ರೋಲ್ ಹಾಕುವುದಿಲ್ಲ" ಅನ್ನುವ ಬೋರ್ಡಿಗೆ ಒರಗಿಕೊಂಡೇ ನಿಂತಿದ್ದ. 1934ರ ಪೆಟ್ರೋಲಿಯಂ ಕಾಯ್ದೆಯಲ್ಲಿ ಸ್ವಂತ ಬಳಕೆಗೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಲೈಸೆನ್ಸ್ ಬೇಡ ಅಂತಿದೆ, ನಿಜ. ಅಂದರೆ ಅಡುಗೆಮನೆಯಲ್ಲಿ ನೀರಿನ ಬಾಟಲಿಗಳ ಸಾಲಿಗೆ ಅದನ್ನೂ ಸೇರಿಸಿ ಅಂತಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಅದು ಪೆಟ್ರೋಲೋ ನೀರೋ ಅಂತ ಯಾರು ನೋಡಿಕೊಂಡು ಕೂರುತ್ತಾರೆ?

ನನ್ನ ಗಮನ ಹೋದದ್ದು ಒಂದು ಆಟೊ ಮೇಲೆ. ಪ್ಯಾಸೆಂಜರ್ ಆಟೊ, ಹಳ್ಳಿಯಿಂದ ಹಳ್ಳಿಗೆ ಜನ ತುಂಬಿಕೊಂಡು ಹೋಗುವಂಥದು. ಡ್ರೈವರ್ ಸ್ಟೇರಿಂಗ್ ಮೇಲೆ ಮೊಣಕೈ ಊರಿ ಕೂತಿದ್ದರು. ಮಾತಾಡಿಸಿದೆ.

"ನಾನು ದಿನಾ ಇಲ್ಲೇ ಹಾಕ್ಸೋದು ಸಾ. ಬೆಳಿಗ್ಗೆ ನೂರು, ಮಧ್ಯಾಹ್ನ ಒಸಿ ಸಂಪಾದ್ನೆ ಆದ್ರೆ ಇನ್ನೂರು. ಇವತ್ತು ಬಂದು ಒಂದೂವರೆ ಗಂಟೆ ಆಯ್ತು. ಎರಡು ಟ್ರಿಪ್ಪು ಹೋಯ್ತು. ಇವರಿಗೆಲ್ಲ ಇವತ್ತೇ ಯಾಕೆ ಬೇಕು ಅಂತ ಕೇಳಿ."

"ನೀವೂ ಫುಲ್ ಮಾಡಿಸ್ತೀರಾ?" ಅಂದೆ.

ಜೇಬು ತಟ್ಟಿ ತೋರಿಸಿದರು. "ಇರೋದು ನೂರೈವತ್ತು. ಫುಲ್ ಮಾಡ್ಸೋಕೆ ಸಾಲ ಮಾಡ್ಲಾ?"

ಮೂರು ದಿನದಲ್ಲಿ ನಾನು ಕೇಳಿದ ಮಾತುಗಳಲ್ಲಿ ಇದೊಂದು ತಲೆಯಲ್ಲಿ ಕೂತುಬಿಟ್ಟಿದೆ. ಗಾಬರಿಯಿಂದ ಕೂಡಿಡಲೂ ಕೈಯಲ್ಲಿ ಕಾಸಿರಬೇಕು. ದಿನದ ದುಡಿಮೆಯಲ್ಲಿ ದಿನದ ಪೆಟ್ರೋಲ್ ಹಾಕಿಸುವವನು ಮುಂದಿನ ವಾರದ್ದನ್ನು ಇವತ್ತೇ ತುಂಬಿಸಿಕೊಳ್ಳಲು ಆಗುವುದಿಲ್ಲ. ಉಳಿದವರ ಮುಂದಿನ ವಾರ ಮುಗಿಯುವ ತನಕ ಅವನು ಸಾಲಿನಲ್ಲಿ ಕಾಯಬೇಕು.

ಅಷ್ಟರಲ್ಲಿ ಮ್ಯಾನೇಜರ್ ಹೊರಗೆ ಬಂದರು. ಕೈಯಲ್ಲಿ ಉದ್ದದ ಹಿತ್ತಾಳೆ ಕಡ್ಡಿ. ಬಂಕಿನವರು ಅದಕ್ಕೆ ಡಿಪ್ ಕಡ್ಡಿ ಅನ್ನುತ್ತಾರೆ. ನೆಲದಲ್ಲಿದ್ದ ಕಬ್ಬಿಣದ ಮುಚ್ಚಳ ತೆಗೆದು, ಒಳಗಿನ ಬಿರಡೆ ತಿರುಗಿಸಿ, ಸಾಂಬಾರು ಎಷ್ಟು ಉಳಿದಿದೆ ಅಂತ ಹಂಡೆಗೆ ಸೌಟು ಇಳಿಸಿ ನೋಡುವ ಹಾಗೆ ಕಡ್ಡಿ ಇಳಿಸಿದರು. ತಳ ತಾಗಿದ ಟಕ್ ಸದ್ದು. ಮೇಲೆತ್ತಿ ಒದ್ದೆಯಾದ ಗುರುತನ್ನು ಬೆರಳಿಟ್ಟು ನೋಡಿದರು. ಬಿಸಿಲಿಗೆ ಆ ಒದ್ದೆ ನೋಡನೋಡುತ್ತಲೇ ಆರುತ್ತದೆ, ಹಾಗಾಗಿ ಬೇಗ ಓದಬೇಕು. ಎಷ್ಟು ಸೆಂಟಿಮೀಟರಿಗೆ ಎಷ್ಟು ಲೀಟರ್ ಅಂತ ಒಂದು ಪಟ್ಟಿ ಇರುತ್ತದೆ. ಅವರಿಗೆ ಪಟ್ಟಿ ಬೇಕಾಗಲಿಲ್ಲ. ಮುಖ ನೋಡಿದರೆ ಗೊತ್ತಾಗುತ್ತಿತ್ತು.

"ಇನ್ಮೇಲೆ ಬೈಕಿಗೆ, ಆಟೊಗೆ ಇನ್ನೂರು ರೂಪಾಯಿ. ಕಾರಿಗೆ ಐನೂರು. ಯಾರಿಗೂ ಫುಲ್ ಇಲ್ಲ," ಅಂತ ಕೂಗಿ ಹೇಳಿದರು.

ಕಾರಿನವರು ಜಗಳಕ್ಕೆ ಬಂದರು. ದುಡ್ಡು ಕೊಡ್ತೀವಿ, ಪುಕ್ಕಟೆ ಕೇಳ್ತಿಲ್ಲ ಅಂತ. ಮ್ಯಾನೇಜರ್ ಉತ್ತರ ಕೊಡಲಿಲ್ಲ. ಆಟೊದವರು ಮಾತ್ರ ನೆಟ್ಟಗೆ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಆ ಮ್ಯಾನೇಜರ್ ಹತ್ತಿರ ನಿಂತು ಕೇಳಿದೆ. ನಿಜವಾಗಿಯೂ ಲೋಡ್ ಬರುತ್ತಿಲ್ಲವೇ?

"ನಿನ್ನೆ ಬಂದೈತೆ. ನಾಳೆ ಬತ್ತದೆ. ನಮ್ಮ ಕಡೆ ಗಾಡಿ ಎಲ್ಲಿ ನಿಂತಾವೆ ಸಾ? ಮಂಗಳೂರಿಂದ ಹಾಸನಕ್ಕೆ ಎಣ್ಣೆ ಪೈಪಲ್ಲೇ ಬತ್ತದೆ, ಅಲ್ಲಿಂದ ಟ್ಯಾಂಕರ್. ನಮ್ಮ ಲೋಡು ನಾಲ್ಕು ದಿನಕ್ಕೆ ಸಾಕಾಗ್ತಿತ್ತು. ದಿನಾ ಬರೋನು ನೂರಕ್ಕೆ ಹಾಕು ಅಂತಾನೆ. ಇವತ್ತು ಅವನೇ ಬಂದು ಫುಲ್ ಅಂತಾನೆ. ಎಂಟು ಜನದ್ದು ಒಬ್ಬನೇ ತಗೊಂಡೋದ ಹಂಗಾಯ್ತು. ಜನ ಜಾಸ್ತಿ ಬಂದಿಲ್ಲ, ಟ್ಯಾಂಕು ಜಾಸ್ತಿ ಬಂದವೆ."

ಮಂಗಳೂರು, ಹಾಸನ, ಬೆಂಗಳೂರಿನ ಹತ್ತಿರದ ದೇವನಗುಂದಿ. ಆ ಪೈಪ್‌ಲೈನ್ 362 ಕಿ.ಮೀ. ಉದ್ದ. ಪೆಟ್ರೋಲ್, ಡೀಸೆಲ್ ಘಟ್ಟ ಹತ್ತುವುದು ನೆಲದಡಿಯಲ್ಲೇ. ಕೊನೆಯ ಪ್ರಯಾಣ ಮಾತ್ರ ಟ್ಯಾಂಕರ್ ಡ್ರೈವರ್ ಕೈಯಲ್ಲಿ. ಅವನು ಕೀಲಿ ತೆಗೆದು ಜೇಬಿಗೆ ಹಾಕಿಕೊಂಡರೆ ಅಷ್ಟು ದೊಡ್ಡ ಪೈಪ್ ಇದ್ದೂ ಪ್ರಯೋಜನವಿಲ್ಲ. ಮುಷ್ಕರದ ಬಲ ಅಲ್ಲಿತ್ತು. ಆದರೆ ನಮ್ಮ ಕಣ್ಣೆದುರಿನ ಬಂಕ್ ಖಾಲಿಯಾಗುತ್ತಿದ್ದುದು ಡ್ರೈವರ್‌ನಿಂದ ಅಲ್ಲ. ಇಲ್ಲಿಂದ ಸಾವಿರ ಕಿಲೋಮೀಟರ್ ಆಚೆಯ ಬಂಕ್‌ನ ವಿಡಿಯೊದಿಂದ.

2022ರ ಜೂನ್‌ನಲ್ಲಿ ಹೀಗೆ ಇರಲಿಲ್ಲ. ಆಗ ಬಂಕ್‌ಗಳಿಗೆ ಸರಬರಾಜಿನಲ್ಲೇ ತೊಡಕಾಗಿತ್ತು. ಸಗಟು ಡೀಸೆಲ್ ಬೆಲೆ ಬಂಕಿನ ಬೆಲೆಗಿಂತ ತುಂಬಾ ಜಾಸ್ತಿಯಾಗಿ, ದೊಡ್ಡ ದೊಡ್ಡ ಗಿರಾಕಿಗಳೆಲ್ಲ ಬಂಕಿಗೇ ಬಂದು ನಿಂತಿದ್ದರು. ಅದೇ ವರ್ಷ ಶ್ರೀಲಂಕಾದಲ್ಲಿ ಎಣ್ಣೆ ತರಿಸಲು ಡಾಲರೇ ಇರಲಿಲ್ಲ. ಅಲ್ಲಿ ಕ್ಯೂಆರ್ ಕೋಡ್ ಕೊಟ್ಟು ಬೈಕಿಗೆ ವಾರಕ್ಕೆ 4 ಲೀಟರ್, ಆಟೊಗೆ 5, ಕಾರಿಗೆ 20 ಅಂತ ಅಳೆದು ಕೊಟ್ಟರು. ಕೊರತೆ ಅಂದರೆ ಅದು. ಜಕ್ಕನಹಳ್ಳಿ ರಸ್ತೆಯಲ್ಲಿ ನಾವು ಅಭಿನಯಿಸುತ್ತಿದ್ದೆವು.

ಭಾಮೈದನಿಗೆ ಇನ್ನೂರು ರೂಪಾಯಿಯ ಪೆಟ್ರೋಲ್ ಸಿಕ್ಕಿತು. ಎರಡು ಲೀಟರಿಗೂ ಒಂದು ಚೂರು ಕಡಿಮೆ. ತಿಂಡಿಯ ಹೊತ್ತು ಹೋಗಿ ಊಟದ ಹೊತ್ತು ಬಂದಿತ್ತು. ಅತ್ತೆ ಫೋನ್ ಮಾಡಿ, ಮಂಡ್ಯ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು ಅಂದರು. ಡೀಸೆಲ್ ಸಿಗುತ್ತಾ ಅಂತ ಕಂಡಕ್ಟರನ್ನು ಕೇಳಿದ್ದರಂತೆ. "ನಮ್ ಡಿಪೊದಲ್ಲೇ ಬಂಕೈತೆ ಅಮ್ಮ, ನೀವ್ ಒಳಗಡೆ ಜರುಗಿ" ಅಂದನಂತೆ.

ದುದ್ದ ಕಡೆಯ ದಾರಿಯಲ್ಲಿ ಒಂದು ಆಲೆಮನೆ ಸಿಕ್ಕಿತು. ಹೊಗೆಯ ವಾಸನೆಯಲ್ಲೇ ಬೆಲ್ಲ ಇತ್ತು. ಗಾಡಿ ನಿಲ್ಲಿಸಿದೆವು. ಕೊಪ್ಪರಿಗೆಯಲ್ಲಿ ಹಾಲು ಕುದಿಯುತ್ತಿತ್ತು. ಕೆಳಗೆ ಒಬ್ಬರು ಒಣಗಿದ ಕಬ್ಬಿನ ಸಿಪ್ಪೆಯನ್ನು ಒಲೆಗೆ ತಳ್ಳುತ್ತಿದ್ದರು. ಕಬ್ಬನ್ನು ಹಿಂಡಿದರೆ ಹಾಲು, ಉಳಿದದ್ದು ಒಣಗಿಸಿದರೆ ಸೌದೆ. ಹೊರಗಿನಿಂದ ಬೇಕಾದದ್ದು ಗಾಣ ತಿರುಗಿಸಲು ಕರೆಂಟ್ ಮಾತ್ರ. ಮೂಲೆಯಲ್ಲಿ ಒಂದು ಡೀಸೆಲ್ ಎಂಜಿನ್ ಗೋಣಿ ಹೊದ್ದು ಕೂತಿತ್ತು. ಹಿಂದಿನ ಅಕ್ಟೋಬರ್‌ನಲ್ಲಿ ಪಂಪ್‌ಸೆಟ್‌ಗಳಿಗೆ ದಿನಕ್ಕೆ 5 ಗಂಟೆ ತ್ರೀ ಫೇಸ್ ಕೊಡುತ್ತಿದ್ದಾಗ ತಂದಿಟ್ಟದ್ದಂತೆ.

ಆಲೆಮನೆಯವರಿಗೆ ಬಂಕಿನ ಸಾಲಿನ ಸುದ್ದಿ ಹೇಳಿದೆವು. ನಕ್ಕರು. "ನಮ್ ಕಬ್ಬಿಂದಲೂ ಪೆಟ್ರೋಲ್ ಮಾಡ್ತಾರಲ್ಲ ಸಾ, ಈ ವರ್ಸ ಅದನ್ನೂ ಬೇಡ ಅಂದವ್ರೆ."

ಅವರು ಹೇಳಿದ್ದು ಸರಿ. ಪೆಟ್ರೋಲಿನಲ್ಲಿ ನೂರಕ್ಕೆ ಹನ್ನೆರಡು ಪಾಲಿನಷ್ಟು ಎಥನಾಲ್ ಆಗಲೇ ಬೆರೆಯುತ್ತಿತ್ತು. ಬರದಿಂದ ಸಕ್ಕರೆ ಕಡಿಮೆಯಾದೀತು ಅಂತ ಕೇಂದ್ರ ಸರ್ಕಾರ 2023ರ ಡಿಸೆಂಬರ್ 7ರಂದು, ಕಬ್ಬಿನ ಹಾಲಿನಿಂದ ಎಥನಾಲ್ ಮಾಡಬೇಡಿ ಅಂತ ಕಾರ್ಖಾನೆಗಳಿಗೆ ಹೇಳಿತು. ವಾರ ಕಳೆದ ಮೇಲೆ ಸ್ವಲ್ಪ ಸಡಿಲಿಸಿತು. ಅಂದರೆ ಮಂಡ್ಯದ ಗದ್ದೆಗೂ ಬಂಕಿನ ಪೈಪಿಗೂ ನಂಟಿದೆ. ಆ ನಂಟಿನ ಮೇಲೆ ಯಾರೂ ವಿಡಿಯೊ ಮಾಡುವುದಿಲ್ಲ. ಭಾಮೈದ ಬಿಸಿ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನಾಲಿಗೆ ಸುಟ್ಟುಕೊಂಡ. ಸ್ವಲ್ಪ ಹೊತ್ತು ಪೆಟ್ರೋಲಿನ ಮಾತು ನಿಂತಿತು.

ಮಂಡ್ಯ ಊರೊಳಗೆ ಬೇರೆಯೇ ನೋಟ. ಒಂದು ಬಂಕ್‌ನಲ್ಲಿ ಸಾಲು, ಕೂಗಳತೆಯಲ್ಲಿ ಇನ್ನೊಂದು ಬಂಕ್ ಬಣಬಣ. ಖಾಲಿಯಾಗಿರಬೇಕು ಅಂತ ಜನ ಅದರ ಕಡೆ ಹೋಗುತ್ತಿರಲಿಲ್ಲ. ಖಾಲಿಯಾಗಿರಲಿಲ್ಲ. ಸಾಲಿಲ್ಲದ ಬಂಕ್ ಮೇಲೆ ನಂಬಿಕೆ ಬರಲಿಲ್ಲ, ಅಷ್ಟೇ.

ಚಿಕ್ಕಮ್ಮನ ಮನೆಯಲ್ಲಿ ಗಾಬರಿ ಅಡುಗೆಮನೆಗೆ ಬಂದಿತ್ತು. ಅತ್ತೆ ಮತ್ತು ಚಿಕ್ಕಮ್ಮ ಸೇರಿಕೊಂಡು ಇರುವ ಸಿಲಿಂಡರ್ ಮುಗಿಯುವ ಮೊದಲೇ ಇನ್ನೊಂದು ಬುಕ್ ಮಾಡಿದ್ದರು. ಲಾರಿ ನಿಂತರೆ ಈರುಳ್ಳಿ ಬರುವುದಿಲ್ಲ ಅಂತ ಐದು ಕೆಜಿ ಈರುಳ್ಳಿ. ಬೇಳೆ ಎರಡು ಕೆಜಿ. ಉಪ್ಪು ಯಾಕೆ ನಾಲ್ಕು ಪ್ಯಾಕೆಟ್ ಅಂತ ಹೆಂಡತಿ ಕೇಳಿದಳು. "ಇರಲಿ ಬಿಡು, ಕೆಡುತ್ತಾ?" ಅಂದರು ಅತ್ತೆ. ಅದಕ್ಕೆ ಉತ್ತರವಿಲ್ಲ. ಉಪ್ಪು ಕೆಡುವುದಿಲ್ಲ.

ಚಿಕ್ಕಪ್ಪ ಮಾತ್ರ ಜಗಲಿಯಲ್ಲಿ ಕೂತು ಎಲ್ಲರನ್ನೂ ಆಡಿಕೊಳ್ಳುತ್ತಿದ್ದರು. ಅವರ ತಂದೆ ಎರಡನೇ ಮಹಾಯುದ್ಧದ ಕಾಲದ ಇದ್ದಿಲು ಬಸ್ಸಿನ ಕಥೆ ಹೇಳುತ್ತಿದ್ದರಂತೆ. ಪೆಟ್ರೋಲ್ ರೇಷನ್ ಆಗಿದ್ದ ಕಾಲ. ಬಸ್ಸಿನ ಹಿಂದೆ ಉದ್ದದ ಕೊಳವೆಯಂಥ ಒಲೆ. ಅದಕ್ಕೆ ಇದ್ದಿಲು ತುಂಬಿ ಬೆಂಕಿ ಹಾಕಿ, ಕ್ಲೀನರ್ ಕೈಯಲ್ಲಿ ಫ್ಯಾನ್ ತಿರುಗಿಸಬೇಕು. ಗ್ಯಾಸ್ ಎದ್ದ ಮೇಲೆ ಎಂಜಿನ್ ಶುರು.

"ದಿಣ್ಣೆ ಬಂದ್ರೆ ಎಲ್ಲರೂ ಇಳಿದು ತಳ್ಳೋದಂತೆ. ಟಿಕೆಟ್ ತಗೊಂಡೋರೂ ತಳ್ಳಬೇಕು. ಮೈಸೂರಿಗೆ ಹೋಗಿ ಇಳಿದ್ರೆ ಮುಖ ಎಲ್ಲ ಮಸಿ. ಆಗ ಯಾರೂ ಫುಲ್ ಟ್ಯಾಂಕ್ ಅಂತ ಕೂಗ್ತಿರಲಿಲ್ಲ ಕಣೋ," ಅಂತ ಭಾಮೈದನ ಕಡೆ ನೋಡಿದರು.

ಭಾಮೈದ ಫೋನ್ ತೋರಿಸಿದ. ಹೈದರಾಬಾದಿನಲ್ಲಿ ಆನ್‌ಲೈನ್ ಊಟ ತಲುಪಿಸುವ ಹುಡುಗನೊಬ್ಬ ಬಂಕ್ ಸಾಲು ಬಿಟ್ಟು, ಬೆನ್ನಿಗೆ ಊಟದ ಚೀಲ ಹಾಕಿಕೊಂಡು ಕುದುರೆ ಹತ್ತಿ ಹೊರಟಿದ್ದ. ಟ್ರಾಫಿಕ್ ಮಧ್ಯೆ ಕುದುರೆ ಟಕಟಕ ಹೋಗುತ್ತಿತ್ತು. ಮನೆಮಂದಿ ಎಲ್ಲ ಸುತ್ತ ಸೇರಿ ಮತ್ತೆ ಮತ್ತೆ ಹಾಕಿಸಿಕೊಂಡು ನೋಡಿದೆವು. ಮೈಸೂರಿನ ಟಾಂಗಾದವರಿಗೆ ಒಳ್ಳೆ ಕಾಲ ಬಂತು ಅಂದರು ಚಿಕ್ಕಪ್ಪ. 1973ರಲ್ಲಿ ಪೆಟ್ರೋಲ್ ಬೆಲೆ ಏರಿದಾಗ ವಾಜಪೇಯಿಯವರು ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಹೋಗಿದ್ದನ್ನೂ ನೆನೆಸಿಕೊಂಡರು. ಎಣ್ಣೆ ಕೈಕೊಟ್ಟಾಗಲೆಲ್ಲ ದನ, ಕುದುರೆ ನೆನಪಾಗುತ್ತವೆ.

ಅದೇ ಹೊತ್ತಿಗೆ ಚಂಡೀಗಡದ ಸುದ್ದಿ ಬಂತು. ಅಲ್ಲಿಯ ಆಡಳಿತ ಬೈಕಿಗೆ 2 ಲೀಟರ್ ಇಲ್ಲವೇ 200 ರೂಪಾಯಿ, ಕಾರಿಗೆ 5 ಲೀಟರ್ ಇಲ್ಲವೇ 500 ರೂಪಾಯಿ ಅಂತ ಮಿತಿ ಹಾಕಿತ್ತು. ನಮ್ಮ ಹಳ್ಳಿ ಬಂಕಿನ ಮ್ಯಾನೇಜರ್ ಯಾರ ಆದೇಶವೂ ಇಲ್ಲದೆ, ಡಿಪ್ ಕಡ್ಡಿ ಒಂದನ್ನೇ ನೋಡಿ, ಬೆಳಿಗ್ಗೆಯೇ ಅದೇ ಲೆಕ್ಕಕ್ಕೆ ಬಂದಿದ್ದರು.

ರಾತ್ರಿ ಮುಷ್ಕರ ವಾಪಸ್. ಕೇಂದ್ರ ಗೃಹ ಕಾರ್ಯದರ್ಶಿ ಮತ್ತು ಸಾಗಣೆದಾರರ ಸಂಘಟನೆಯಾದ ಅಖಿಲ ಭಾರತ ಮೋಟಾರು ಸಾರಿಗೆ ಕಾಂಗ್ರೆಸ್ಸಿನವರ ಮಾತುಕತೆ ಮುಗಿದಿತ್ತು. ಆ ಕಲಮು ಇನ್ನೂ ಜಾರಿಗೆ ಬಂದಿಲ್ಲ, ತರುವ ಮೊದಲು ನಿಮ್ಮ ಜೊತೆ ಮಾತಾಡುತ್ತೇವೆ ಅಂತ ಭರವಸೆ ಕೊಟ್ಟರು. ಮುಂದೆ 2024ರ ಜುಲೈ 1ರಂದು ಹೊಸ ಸಂಹಿತೆ ಜಾರಿಯಾದಾಗಲೂ ಆ ಒಂದು ಕಲಮನ್ನು ತಡೆಹಿಡಿದೇ ಇಟ್ಟರು.

ಬುಧವಾರ

ಹೆಂಗಸರು ಬಸ್ಸಿನಲ್ಲಿ ನೇರ ಮೈಸೂರಿಗೆ. ಈರುಳ್ಳಿಯಲ್ಲಿ ಅರ್ಧ ಅವರ ಜೊತೆ ಹೋಯಿತು. ನಾವು ಮಳವಳ್ಳಿ ದಾರಿ ಹಿಡಿದೆವು. ದಾರಿಯ ಬಂಕ್‌ಗಳಲ್ಲಿ ಹುಡುಗರು ಕುರ್ಚಿ ಮೇಲೆ ಕಾಲು ಚಾಚಿ ಕೂತಿದ್ದರು.

ಶಿವನಸಮುದ್ರದಲ್ಲಿ ಗಗನಚುಕ್ಕಿ ನೋಡಲು ಮಳೆಗಾಲದಲ್ಲೇ ಬರಬೇಕು. ಬರದ ವರ್ಷದ ಜನವರಿಯಲ್ಲಿ ಬಂಡೆಯೇ ಜಾಸ್ತಿ, ನೀರು ಕಡಿಮೆ. ಆದರೂ ಅಲ್ಲಿ ನಿಂತರೆ ಕೆಳಗಿನ ವಿದ್ಯುತ್ ಮನೆಯ ನೆನಪು ಬಾರದಿರುವುದಿಲ್ಲ. 1902ರಲ್ಲಿ ಇಲ್ಲಿಂದ ಸುಮಾರು 147 ಕಿ.ಮೀ. ತಂತಿ ಎಳೆದು ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟರು. ಬೆಂಗಳೂರಿನ ಬೀದಿ ದೀಪಕ್ಕೆ ಬಂದದ್ದು 1905ರಲ್ಲಿ. ಕಾರು ನಿಲ್ಲಿಸುವ ಜಾಗದಲ್ಲಿ ಒಬ್ಬರು ಎಲೆಕ್ಟ್ರಿಕ್ ಸ್ಕೂಟರ್ ಮೇಲೆ ಬಂದಿದ್ದರು. ಬೆಂಗಳೂರಿನವರು. ಎರಡು ದಿನದಿಂದ ಅವರಷ್ಟು ನೆಮ್ಮದಿಯ ಮನುಷ್ಯ ನಮಗೆ ಸಿಕ್ಕಿರಲಿಲ್ಲ. ಭಾಮೈದ ಮಾತಿಗೆ ನಿಂತ. ವಾಪಸ್ ಹೋಗಲು ಚಾರ್ಜ್ ಸಾಲದು, ಮಳವಳ್ಳಿಯಲ್ಲಿ ಯಾವುದಾದರೂ ಹೋಟೆಲಿನಲ್ಲಿ ಪ್ಲಗ್ ಕೇಳಬೇಕು ಅಂತ ಅವರು ಹೇಳಿದ ಮೇಲೆ ಇವನ ಮುಖದಲ್ಲಿ ಕಳೆ ಬಂತು.

ಮಳವಳ್ಳಿಯಲ್ಲಿ ಊಟ. ಮುದ್ದೆ, ನಾಟಿಕೋಳಿ ಸಾರು. ಇದರ ಬಗ್ಗೆ ದೂರಿಲ್ಲ.

ಬನ್ನೂರು ದಾಟಿ ಮೈಸೂರು ಕಡೆ ಬರುವಾಗ ಭಾಮೈದ ಒಂದು ಬಂಕಿಗೆ ಗಾಡಿ ತಿರುಗಿಸಿದ. ಒಂದು ನರಪಿಳ್ಳೆ ಇರಲಿಲ್ಲ. ಪಕ್ಕದಲ್ಲಿ ಟ್ಯಾಂಕರ್ ನಿಂತಿತ್ತು. ಅದರ ನೆರಳಲ್ಲಿ ಡ್ರೈವರ್ ಚಾಪೆ ಹಾಕಿಕೊಂಡು ಕೂತಿದ್ದರು. ಇಷ್ಟು ಹೊತ್ತು ಎಲ್ಲರೂ ಮಾತಾಡಿದ್ದು ಡ್ರೈವರ್‌ಗಳ ಬಗ್ಗೆ. ಒಬ್ಬ ಡ್ರೈವರ್ ಎದುರಿಗೆ ಸಿಕ್ಕಿದ್ದು ಇಲ್ಲೇ.

ಯಾಕೆ ಕೂತಿದ್ದೀರಿ ಅಂತ ಕೇಳಿದೆ. ಬಂಕಿನ ಕಡೆ ಕೈ ತೋರಿಸಿದರು. "ನಿನ್ನೆ ಗಾಬರಿ ಬಿದ್ದು ಇವ್ರು ಜಾಸ್ತಿ ಲೋಡ್ ಹೇಳವ್ರೆ. ಬೆಳಿಗ್ಗೆ ಒಂದು ಗಾಡಿ ಇಳಿಸಿ ಹೋಯ್ತು. ನಂದು ಎರಡನೇದು. ಟ್ಯಾಂಕಲ್ಲಿ ಜಾಗ ಇಲ್ಲ. ವ್ಯಾಪಾರ ಆದ್ರೆ ತಾನೆ ಜಾಗ? ನಿನ್ನೆ ಎಲ್ಲ ತುಂಬಿಸ್ಕೊಂಡು ಹೋದ್ರಲ್ಲ, ಇವತ್ತು ಯಾರ್ ಬತ್ತಾರೆ?"

ಕಾನೂನಿನ ಮಾತು ತೆಗೆದೆ. ಮುಷ್ಕರಕ್ಕೆ ನೀವು ಸೇರಿದ್ದಿರಾ?

"ಇಲ್ಲ ಸಾ, ನಾವು ಓಡಿಸ್ತಾನೇ ಇದ್ವಿ. ಆದ್ರೆ ಅವರು ಹೇಳಿದ್ದು ಸುಳ್ಳಲ್ಲ. ಆಕ್ಸಿಡೆಂಟ್ ಆದ್ರೆ ಯಾರದ್ದು ತಪ್ಪು ಅಂತ ನೋಡಲ್ಲ, ದೊಡ್ಡ ಗಾಡಿಯೋನಿಗೆ ಮೊದಲು ಬೀಳ್ತದೆ. ನಿಂತ್ರೆ ಜನ ಹೊಡೀತಾರೆ. ಓಡಿದ್ರೆ ಹತ್ತು ವರ್ಸ ಅಂತಾರೆ. ಸ್ಟೇಷನ್‌ಗೆ ಹೋಗಿ ಹೇಳು ಅಂತಾರೆ, ಸರಿ, ಅಲ್ಲಿಗಂಟ ಹೋಗೋಕೆ ಬಿಡಬೇಕಲ್ಲ."

ಗುದ್ದಿ ಓಡಿಹೋದವರಿಂದ ರಸ್ತೆಯಲ್ಲೇ ಪ್ರಾಣ ಬಿಟ್ಟವರ ಮನೆಯವರಿಗೆ ಇದನ್ನು ಹೇಳಲಾಗದು. ಆ ಕಲಮು ಬಂದದ್ದೂ ಅವರಿಗಾಗಿಯೇ. ಆದರೆ ಡ್ರೈವರ್ ಹೇಳಿದ್ದಕ್ಕೂ ನನ್ನ ಹತ್ತಿರ ಉತ್ತರವಿರಲಿಲ್ಲ. ಎರಡು ದಿನ ಬಂಕ್ ಸಾಲಿನಲ್ಲಿ ನಿಂತವರಲ್ಲಿ ಒಬ್ಬರೂ ಈ ಮಾತು ಆಡಿದ್ದನ್ನು ನಾನು ಕೇಳಲಿಲ್ಲ. ಎಷ್ಟು ದಿನ ಬಂದ್ ಅನ್ನುವುದೊಂದೇ ಪ್ರಶ್ನೆ.

ಬಂಕಿನ ಹುಡುಗ ಎದ್ದು ಬಂದ. "ಎಷ್ಟಕ್ಕೆ ಸಾರ್?"

ಭಾಮೈದ ನೂರಕ್ಕೆ ಅಂದ.

"ಫುಲ್ ಹಾಕಿಸ್ಕೊಳಿ ಸಾ," ಡ್ರೈವರ್ ಚಾಪೆಯಿಂದಲೇ ಕೂಗಿದರು. "ನಾನು ಮನೆಗೋಗಿ ಎರಡು ದಿನ ಆಯ್ತು."

ಭಾಮೈದ ನನ್ನ ಮುಖ ನೋಡಿದ. ನಾನು ಏನೂ ಹೇಳಲಿಲ್ಲ. ಫುಲ್ ಮಾಡಿಸಿದ. ಆರು ಲೀಟರ್ ಹಿಡಿಯಿತು. ಹುಡುಗ ಒಳಗೆ ಹೋಗಿ ಡಿಪ್ ಕಡ್ಡಿ ತಂದು ಇಳಿಸಿ ನೋಡಿ, ಡ್ರೈವರ್ ಕಡೆ ತಿರುಗಿ ತಲೆ ಅಲ್ಲಾಡಿಸಿದ. ಇನ್ನೂ ಸಾವಿರಾರು ಲೀಟರ್ ಹೋಗಬೇಕಿತ್ತು. ಡ್ರೈವರ್ ಎದ್ದು, ಅಲ್ಲೇ ಎದುರಿಗಿದ್ದ ಅಂಗಡಿಯವನಿಗೆ ಇನ್ನೊಂದು ಟೀ ಹೇಳಿದರು.